ಹಿಂದಿನ ಗೇಟು

ಅಮೆರಿಕದ ಡಕೋಟಾ ಸೀಮೆಯ ಒಂದು ಊರಿನ ಮೂಳೆ ಆಸ್ಪತ್ರೆಯಲ್ಲಿ ಮುದುಕಿ ವರ್ನಾ ಕೈಯ ಪ್ಲಾಸ್ಟರ್ ಬಿಚ್ಚಿಸಲು ಕಾಯುತ್ತಿದ್ದಳು. ಬೇಡವೆಂದರೂ ಎದುರು ಕುರ್ಚಿಗಳ ಮಾತು ಕಿವಿಗೆ ಬೀಳುತ್ತಿತ್ತು. ಊರುಗೋಲು ಹಿಡಿದ ಹುಡುಗಿ ಕಾಲೇಜಿನ ವಾಲಿಬಾಲ್ ಜಾಕೆಟ್ ತೊಟ್ಟಿದ್ದಳು. ಪಕ್ಕದಲ್ಲಿದ್ದ ಅವಳ ಕೋಚ್ ಲೊರೇನ್ ಒಂದು ಕಾಗದ ಮುಂದೆ ಹಿಡಿದಳು.

“ಮಂಡಿಗೆ ಇದು ಮೂರನೇ ಆಪರೇಷನ್ನು, ಬ್ರಿನ್. ಇನ್ನು ಆಡೋ ಹಾಗಿಲ್ಲ ಅಂತ ಡಾಕ್ಟರೇ ಬರೆದುಕೊಟ್ಟಿದಾರೆ. ಸಹಿ ಹಾಕಮ್ಮ.”

“ಹಾಕಿದ್ರೆ ಸ್ಕಾಲರ್‌ಶಿಪ್ ಹೋಗುತ್ತಾ?”

“ಇಲ್ಲ. ಫೀಸು, ರೂಮು, ಊಟ ಎಲ್ಲ ಡಿಗ್ರಿ ಮುಗಿಯೋವರೆಗೂ ಇರುತ್ತೆ. ಟೀಮಿನ ಲೆಕ್ಕದಲ್ಲಿ ಮಾತ್ರ ನೀನಿರಲ್ಲ. ನಾವು ಆಡೋ ಫಸ್ಟ್ ಡಿವಿಷನ್ ಲೀಗಿನ ರೂಲೇ ಹಾಗೆ. ನಿನ್ನ ಜಾಗಕ್ಕೆ ಬೇರೆಯವರನ್ನ ತಗೋಬಹುದು.”

“ಮುಂದೆ ಮಂಡಿ ಸರಿಹೋದ್ರೆ?”

“ನಮ್ಮ ಕಾಲೇಜಿಗೆ ಮತ್ತೆ ಆಡೋಕಾಗಲ್ಲ.”

“ಬೇರೆಯವರು ಸಿಕ್ಕಿದ್ರಾ?”

“ಒಹಾಯೊ ಹುಡುಗಿ. ಒಳ್ಳೇ ಎತ್ತರ ಇದಾಳೆ.”

“ಟೀಮ್ ಬಸ್ಸಲ್ಲಿ ನನ್ನ ಸೀಟು ಅವಳಿಗಾ?”

“ಬ್ರಿನ್…”

“ಸುಮ್ನೆ ಕೇಳ್ದೆ. ಆ ಕಿಟಕಿ ಪೂರ್ತಿ ಮುಚ್ಚಲ್ಲ, ಗಾಳಿ ನುಗ್ಗುತ್ತೆ. ಅವಳಿಗೆ ಹೇಳಿಬಿಡಿ.”

ಬ್ರಿನ್ ಸಹಿ ಹಾಕಿದಳು. ಕೋಚ್ ಗಡಿಯಾರ ನೋಡಿದಳು.

“ಬಾ, ಹಾಸ್ಟೆಲಿಗೆ ಬಿಟ್ಟು ಹೋಗ್ತೀನಿ. ನಾಲ್ಕಕ್ಕೆ ಮ್ಯಾಚಿಗೆ ಬಸ್ಸು ಹೊರಡುತ್ತೆ.”

“ಹಾಸ್ಟೆಲ್ ಮುಂದಿನ ಗೇಟಲ್ಲಿ ಟೀಮಿನವರೆಲ್ಲ ಬಸ್ಸಿಗೆ ಕಾಯ್ತಾ ನಿಂತಿರ್ತಾರೆ, ಕೋಚ್. ನನ್ನ ಹಿಂದಿನ ಗೇಟಲ್ಲಿ ಇಳಿಸಿ.”

ಹೊರಗೆ ಹಿಮ ಬೀಳುತ್ತಿತ್ತು. ಹುಡುಗಿ ಜಾಕೆಟ್ ಕಳಚಿ, ಕಾಲೇಜಿನ ಹೆಸರು ಒಳಗಾಗುವಂತೆ ತಿರುಗಿಸಿ ತೊಟ್ಟುಕೊಂಡಳು.

“ಜಾಕೆಟ್ ಉಲ್ಟಾ ಆಗಿದೆಯಮ್ಮ,” ಎಂದಳು ಬಾಗಿಲ ಬಳಿಯ ಕೌಂಟರಿನಲ್ಲಿ ಚೀಟಿ ಬರೆಯುವವಳು, ತಲೆಯೆತ್ತಿ.

“ಗೊತ್ತು,” ಎಂದು ಬ್ರಿನ್ ಊರುಗೋಲು ಊರುತ್ತ ಹೊರಟಳು.