ಹೆಂಚಿನ ಸಾಲಿನ ಹಸಿರು ಬಳೆ

ಆ ದಿನ ಸಂಜೆ ಆರಕ್ಕೇ ಡೊಂಬಿವಲಿಯಲ್ಲಿ ಕತ್ತಲು ಕವಿದಿತ್ತು. ಬೆಳಗ್ಗೆ ಹಿಡಿದ ಮಳೆ ಬಿಟ್ಟಿರಲಿಲ್ಲ. ಕಲ್ಯಾಣದಾಚೆ ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲು ಬಂದ್ ಆಗಿತ್ತು. ಟಿಟ್ವಾಳದ ಮನೆಗೆ ಹೋಗುವ ದಾರಿ ಕಾಣದೆ ನಾನು ಸ್ಟೇಷನ್ನಿನಿಂದ ಸೀದಾ ಜಯಲತಾ ದೊಡ್ಡಮ್ಮನ ಫ್ಲಾಟಿಗೆ ಹೋದೆ. ನನ್ನ ಅಮ್ಮನ ಅಕ್ಕ ಅವರು. ಎಪ್ಪತ್ತಾರು ವರ್ಷ. ದೊಡ್ಡಪ್ಪ ಠಾಣೆಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಮೂವತ್ತು ವರ್ಷ ಇಡ್ಲಿ ಹಿಟ್ಟಿನ ಉಸ್ತುವಾರಿ ಇವರದೇ. ಬಂದವರಿಗೆ ಬಡಿಸದೆ ಕೂರಲಾರರು, ಮಾತಾಡದೆಯಂತೂ ಕೂರಲಾರರು.

ಮಗ ಪೃಥ್ವಿರಾಜ್, ಸೊಸೆ ಮಾನಸಿ ಇಬ್ಬರೂ ಆಫೀಸಿನಿಂದ ಬಂದಿರಲಿಲ್ಲ. ಮೊಮ್ಮಕ್ಕಳಾದ ಅಕ್ಷಿತ್ ಮತ್ತು ಅನುಷ್ಕಾ ಇದ್ದರು. ಪಕ್ಕದ ಫ್ಲಾಟಿನ ಮಲ್ಲಿಕಾ ಆಂಟಿ ಮೇಣದಬತ್ತಿ ಕೇಳಲು ಬಂದವರು ಅಲ್ಲೇ ಕೂತಿದ್ದರು. ಕರೆಂಟು ಹೋಗಿ ಒಂದು ಗಂಟೆಯಾಗಿತ್ತು. ಅನುಷ್ಕಾ ಚಹಾದ ಲೋಟಗಳನ್ನು ಕೈಯಿಂದ ಕೈಗೆ ದಾಟಿಸಿದಳು. ಅದನ್ನು ನೋಡಿದ ದೊಡ್ಡಮ್ಮನಿಗೆ ಏನೋ ನೆನಪಾಗಿ ಕಣ್ಣು ಮಿನುಗಿತು.

“ಅಜ್ಜೀ, ವೋ ಪಹಾಡ್‌ವಾಲಿ ಬಾತ್ ಬತಾವೋ ನಾ, ಆ ಗುಡ್ಡದ ಕಥೆ, ಸಮಿತ್ ಚಿಕ್ಕಪ್ಪನಿಗೆ ಗೊತ್ತಿಲ್ಲ,” ಎಂದಳು ಅನುಷ್ಕಾ, ನನ್ನ ಕಡೆ ತೋರಿಸಿ. ಅಕ್ಷಿತ್ ಮಾತ್ರ ಕಾಲು ಮಡಚಿ ಸೋಫಾದ ಮೇಲೆ ಎತ್ತಿಟ್ಟುಕೊಂಡ.

ದೊಡ್ಡಮ್ಮ ಕುರ್ಚಿಯನ್ನು ಮೇಣದಬತ್ತಿಯ ಹತ್ತಿರಕ್ಕೆ ಎಳೆದುಕೊಂಡರು.

“ಹೇಳ್ತೇನೆ. ಆದ್ರೆ ನಡುವಿನಲ್ಲಿ ಯಾರೂ ಏಳ್ಬಾರ್ದು, ಆಯ್ತಾ? ನಾಲ್ಕು ವರ್ಷ ಹಿಂದೆ, ಮೇ ತಿಂಗಳ ಕೊನೆ. ಯೋಗೀಶನ ಫೋನು ಬಂತು. ಯೋಗೀಶ ಅಂದ್ರೆ ನಿನ್ನ ದೊಡ್ಡಪ್ಪನ ಜೀವದ ಗೆಳೆಯ ಮಾರಾಯ, ಕಲ್ಯಾಣದಲ್ಲಿ ಹೋಟೆಲು ಇದ್ದವ. ಅವನ ಹೆಂಡತಿ ಸತ್ಯಭಾಮಾಗೆ ಉಬ್ಬಸ. ಈ ಹೊಗೆ, ಈ ಧೂಳು ಆಗ್ಲಿಕ್ಕಿಲ್ಲ ಅಂತ ಡಾಕ್ಟ್ರು ಹೇಳಿದ್ದೇ ಹೇಳಿದ್ದು, ಇವ ಹೋಟೆಲು ಬೇರೆಯವರಿಗೆ ಕೊಟ್ಟು, ಮುರಬಾಡ್ ದಾಟಿ ಮಾಳಶೇಜ್ ಘಾಟಿನ ಕಡೆ ಗುಡ್ಡದ ಮೇಲೆ ಒಂದು ಹಳೇ ಕಲ್ಲಿನ ಬಂಗ್ಲೆ ತಗೊಂಡ. ಕಲ್ಯಾಣದ ಮನೆ ಖಾಲಿ ಮಾಡಿ, ಹೆಂಡತಿಯನ್ನೂ ಮಂಚವನ್ನೂ ಮೇಲೆ ಸಾಗಿಸಿಯೂ ಆಗಿತ್ತು. ಆದ್ರೆ ಮನೆಯ ಮಾಡು, ಸೂರು? ತುಕ್ಕು ಹಿಡಿದ ಶೀಟು ಕಿತ್ತಾಗಿದೆ, ಮರದ ಕೆಲಸ ಎಲ್ಲ ಆಗಿದೆ, ಮೇಲೆ ಒಂದೇ ಒಂದು ಹೆಂಚಿಲ್ಲ! ಹೆಂಚಿನ ಲಾರಿಯವ ಘಾಟಿನ ತಿರುವಿನಲ್ಲಿ ಇಳಿಸಿ ಹೋಗಿದ್ದಾನೆ. ಅಲ್ಲಿಂದ ಮನೆಗೆ ತೊಂಬತ್ತಾರು ಮೆಟ್ಟಿಲು. ಕೂಲಿಯವರೆಲ್ಲ ಬಿತ್ತನೆಗೆ ಊರಿಗೆ ಹೋಗಿದ್ದಾರೆ. ‘ಜಯಕ್ಕ, ನಾಡಿದ್ದು ಮಳೆ ಅಂತೆ. ಇವಳನ್ನು ನಾನು ಎಲ್ಲಿ ಮಲಗಿಸ್ಲಿ?’ ಅಂತ ಕೇಳಿದ. ಗಂಡಸು, ಫೋನಿನಲ್ಲಿ ಅಳ್ತಾ ಇದ್ದ...

“ನಮ್ಮ ಉಡುಪಿ ಕಡೆ ಮಾಡಿಗೆ ಹೆಂಚು ಹಾಕುದು ಅಂದ್ರೆ ಎಂತ ಗೊತ್ತುಂಟಾ? ಕರೀಲಿಕ್ಕೆ ಇಲ್ಲ. ಸುದ್ದಿ ಗೊತ್ತಾದ್ರೆ ಸಾಕು, ಸುತ್ತಲಿನ ಮನೆಯವರೆಲ್ಲ ಸೊಂಟಕ್ಕೆ ಬೈರಾಸು ಸುತ್ತಿಕೊಂಡು ಬರುದು, ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುದು, ಬೆಲ್ಲ ನೀರು ಕುಡಿದು, ಊಟ ಮಾಡಿ ಹೋಗುದು. ನಾನು ಪೃಥ್ವಿಗೆ ಹೇಳಿದೆ, ‘ಭಾನುವಾರ ಮಾಲು ಗೀಲು ಇಲ್ಲ, ಗುಡ್ಡಕ್ಕೆ ಹೋಗುದು’ ಅಂತ. ಅಬ್ಬ, ಆ ಹೋಗುವ ಗಮ್ಮತ್ತು! ಬೆಳಗ್ಗೆ ಐದಕ್ಕೆ ಕಾರು. ಮಾನಸಿ ರಾತ್ರಿಯೇ ಬನ್ಸಿನ ಹಿಟ್ಟು ಕಲಸಿ ಇಟ್ಟಿದ್ಳು. ಈ ಅಕ್ಷಿತ್ ಕ್ರಿಕೆಟಿನ ಗ್ಲೌಸು ಹಾಕಿಕೊಂಡು ಬಂದಿದ್ದ, ಹೆಂಚು ಹಿಡೀಲಿಕ್ಕೆ! ನನಗೆ ಎಪ್ಪತ್ತೆರಡು, ಮೊಣಕಾಲು ಎರಡೂ ಹೋಗಿದೆ, ಆದ್ರೂ ಮದುವೆ ದಿಬ್ಬಣಕ್ಕೆ ಹೊರಟವರ ಹಾಗೆ ಹೊರಟೆ.

“ಅಲ್ಲಿ ಹೆಂಚು ಹೊದಿಸ್ಲಿಕ್ಕೆ ಒಬ್ಬ ಗೌಂಡಿ ಬಂದಿದ್ದ, ಮಾಪಣ್ಣ ಅಂತ. ಕಲಬುರಗಿ ಕಡೆಯವ, ಈಗ ತುರ್ಭೆಯಲ್ಲಿ ಇರುದು. ಅರವತ್ತರ ಹತ್ತಿರ ವಯಸ್ಸು. ಮಾತು ಕಡಿಮೆ. ಯೋಗೀಶ ಹೇಳಿದ, ‘ಕೂಲಿ ಬೇಡ ಅಂತ ಹೇಳ್ತಾನೆ ಜಯಕ್ಕ, ಈ ಮನೆ ಕೆಲಸ ನಾನೇ ಮಾಡ್ಬೇಕು ಅಂತ ತಾನಾಗಿ ಹುಡುಕಿಕೊಂಡು ಬಂದ.’ ನಾನು ಹೌದಾ ಅಂದೆ, ಬಿಟ್ಟೆ. ಬಿಡ್ಬಾರ್ದಿತ್ತು, ಕೇಳ್ಬೇಕಿತ್ತು...

“ಮಾಪಣ್ಣ ನಮ್ಮನ್ನು ನಿಲ್ಲಿಸಿದ. ಕೆಳಗೆ ರಾಶಿಯ ಹತ್ತಿರ ಅಕ್ಷಿತ್, ಮತ್ತೆ ಅನುಷ್ಕಾ, ಮತ್ತೆ ಮಾನಸಿ, ನಡುವಿನಲ್ಲಿ ನಾನು, ನನ್ನ ಮೇಲೆ ಪೃಥ್ವಿ, ಕೊನೆಗೆ ಯೋಗೀಶ. ಸತ್ಯಭಾಮಾ ಒಳಗೆ ಮಂಚದ ಮೇಲೆ. ಆರು ಜನ, ತೊಂಬತ್ತಾರು ಮೆಟ್ಟಿಲು. ಅಂದ್ರೆ ಒಬ್ಬೊಬ್ಬರು ಹದಿನಾರು ಮೆಟ್ಟಿಲು ಹತ್ತಿ ಮೇಲಿನವರಿಗೆ ಕೊಟ್ಟು, ಮತ್ತೆ ಇಳಿದು ಕೆಳಗಿನವರಿಂದ ತಗೊಳ್ಬೇಕು. ಮಾಪಣ್ಣ ಮಾಡು ಹತ್ತುವ ಮೊದಲು ಒಂದು ಮಾತು ಹೇಳಿದ, ‘ಯಮ್ಮಾ, ಮ್ಯಾಲಿಂದ ನಾ ಮುಗೀತು ಅಂತ ಕೂಗೂತನಾ ಯಾರೂ ಜಾಗಾ ಬಿಡಬ್ಯಾಡ್ರಿ. ಆ ಕೂಗು ಒಬ್ಬರು ಕೇಳಿ ಕೆಳಗಿನವ್ರಿಗಿ ಕೂಗಬೇಕು, ಕಡೀಕಿನವ್ರ ತನಾ ಮುಟ್ಟಬೇಕು. ಇದು ನಮ್ಮ ಸಾಲಿನ ರೀತಿ ಅದ.’

“ಶುರು ಮಾಡಿ ಹತ್ತು ನಿಮಿಷ ಆಗ್ಲಿಲ್ಲ, ಕಣಿವೆಯಿಂದ ಮಂಜು ಎದ್ದು ಬಂತು. ಎಂಥ ಮಂಜು! ನನ್ನ ಕಾಲು ನನಗೆ ಕಾಣುದಿಲ್ಲ. ಕೆಳಗಿನಿಂದ ಎರಡು ಕೈ ಬರುದು, ಎರಡು ಹೆಂಚು ಕೊಡುದು. ನಾನು ತಿರುಗುದು, ಮೇಲಿನಿಂದ ಎರಡು ಕೈ ಬರುದು, ತಗೊಳ್ಳುದು. ತಗೋ, ಕೊಡು, ತಗೋ, ಕೊಡು... ಅನುಷ್ಕಾ ಹಾಡು ಶುರು ಮಾಡಿದ್ಳು, ಮೇಲಿನಿಂದ ಯೋಗೀಶ ರಾಗ ತಪ್ಪಿಸಿ ಹಾಡಿದ, ಎಲ್ಲರೂ ನಗುದು. ಏನು ಖುಷಿ, ಏನು ಲಯ! ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಚಂದದ ಕೆಲಸ ಮಾಡಿದ್ದು ನೆನಪಿಲ್ಲ.

“ಮೇಲಿನಿಂದ ಬರುವ ಕೈಯಲ್ಲಿ ಹಸಿರು ಗಾಜಿನ ಬಳೆ ಇತ್ತು. ಮಣಿಕಟ್ಟಿನಲ್ಲಿ ಮೂರು ಚುಕ್ಕಿಯ ಹಚ್ಚೆ. ನಾನು ಎಂತ ಎಣಿಸಿದೆ ಹೇಳಿ? ಸತ್ಯಭಾಮಾ ತಡೀಲಿಕ್ಕಾಗದೆ ಎದ್ದು ಬಂದಿದ್ದಾಳೆ ಅಂತ. ಬೈದೆ. ‘ಸತ್ಯಾ, ಉಬ್ಬಸ ಇಟ್ಟುಕೊಂಡು ಎಂತ ಇದು, ಹೋಗಿ ಮಲಗು.’ ಉತ್ತರ ಇಲ್ಲ. ಬಳೆ ಕಿಣಿಕಿಣಿ ಅಂತು, ಹೆಂಚು ಮೇಲೆ ಹೋಯ್ತು.

“ಒಂದು ಗಂಟೆಯ ಒಳಗೆ ಅಷ್ಟೂ ಹೆಂಚು ಮೇಲೆ! ಮಧ್ಯಾಹ್ನದ ಊಟ ಬಿಟ್ಟು ಮಾಪಣ್ಣ ಹೊದಿಸಿಯೂ ಹೊದಿಸಿದ, ನಾವು ಒಡೆದದ್ದು ಬದಲಿಸ್ಲಿಕ್ಕೆ ಮತ್ತೊಂದಿಷ್ಟು ದಾಟಿಸ್ತಾ ಅಲ್ಲಲ್ಲೇ ನಿಂತಿದ್ದೆವು. ಮೂರೂವರೆ ಹೊತ್ತಿಗೆ ಮೇಲಿನಿಂದ ಕೂಗು ಬಂತು. ‘ಮುಗೀತವ್ವಾ... ಮುಗೀತು!’ ಯೋಗೀಶ ಕೂಗಿದ, ಪೃಥ್ವಿ ಕೂಗಿದ, ನಾನು ಕೂಗಿದೆ, ಮಾನಸಿ, ಅನುಷ್ಕಾ, ಕಟ್ಟಕಡೆಗೆ ಈ ಅಕ್ಷಿತ್. ಅವನ ಕೂಗು ಕಣಿವೆಗೆ ಬಿದ್ದದ್ದೇ ತಡ, ಮಂಜು ಸರ್ರನೆ ಹೋಯ್ತು. ನೋಡ್ತೇನೆ... ಪೃಥ್ವಿ ನನ್ನಿಂದ ಹದಿನಾರು ಮೆಟ್ಟಿಲು ಮೇಲೆ ನಿಂತಿದ್ದಾನೆ. ಮಾನಸಿ ಹದಿನಾರು ಮೆಟ್ಟಿಲು ಕೆಳಗೆ. ನಡುವೆ ಯಾರೂ ಇಲ್ಲ.

“ಮತ್ತೆ ನನಗೆ ಹೊಳೆಯಿತು. ಸಾಲು ಶುರುವಾದ ಮೇಲೆ ನಾನು ಒಂದೇ ಒಂದು ಮೆಟ್ಟಿಲು ಹತ್ತಿರ್ಲಿಲ್ಲ. ಅದಕ್ಕೇ ಮೊಣಕಾಲು ನೋಯ್ಲಿಲ್ಲ! ‘ನೀನು ಇಳಿದು ಬಂದು ತಗೊಳ್ತಾ ಇದ್ದದ್ದಾ?’ ಅಂತ ಪೃಥ್ವಿಯನ್ನು ಕೇಳಿದ್ರೆ ಅವ, ‘ಇಲ್ಲಮ್ಮ, ನೀನೇ ಹತ್ತಿ ಬಂದು ಕೊಡ್ತಾ ಇದ್ದದ್ದಲ್ವಾ’ ಅಂತಾನೆ. ಮಾನಸಿಯೂ ಹಾಗೇ, ಇವರಿಬ್ಬರೂ ಹಾಗೇ. ಎಲ್ಲರೂ ಕಂಡದ್ದು ಅದೇ ಬಳೆ, ಅದೇ ಮೂರು ಚುಕ್ಕಿ. ಒಬ್ಬಳೇ ಹೆಂಗಸು, ನಮ್ಮ ಐದು ಸಂದಿನಲ್ಲೂ ಒಟ್ಟಿಗೇ ನಿಂತಿದ್ಳು! ಒಳಗೆ ಸತ್ಯಭಾಮಾ ನಿದ್ದೆಯಿಂದ ಎದ್ದಿರ್ಲೇ ಇಲ್ಲ.

“ಮಾಪಣ್ಣ ಏಣಿ ಇಳಿದು ಬಂದ. ಮುಖ ಎಲ್ಲ ಕಣ್ಣೀರು, ಆದ್ರೆ ನಗ್ತಾ ಇದ್ದ. ‘ಅಕಿ ನಮ್ಮವ್ವ ಇದ್ದಾಳ್ರಿ,’ ಅಂದ. ಈ ಬಂಗ್ಲೆ ಕಟ್ಟುವಾಗ ಅವನಿಗೆ ಎರಡು ವರ್ಷ ಅಂತೆ. ಇದೇ ಮೆಟ್ಟಿಲಿನ ಮೇಲೆ ಹೆಂಗಸರು ಸಾಲಾಗಿ ನಿಂತು ಕಲ್ಲು ದಾಟಿಸ್ತಾ ಇದ್ರು, ಇಂಥದ್ದೇ ಮಂಜು, ಇವನ ತಾಯಿ ಮಾನಮ್ಮ ಕಾಲು ಜಾರಿ ಕಣಿವೆಗೆ ಹೋದಳು. ಗುತ್ತೇದಾರ ಸಾಲು ನಿಲ್ಲಿಸ್ಲಿಲ್ಲ. ಮೇಲಿನವಳು ಒಂದು ಮೆಟ್ಟಿಲು ಇಳಿದಳು, ಕೆಳಗಿನವಳು ಒಂದು ಹತ್ತಿದಳು, ಸಂದು ಮುಚ್ಚಿ ಹೋಯ್ತು. ಎಂಥ ಅನ್ಯಾಯ ನೋಡಿ! ‘ಸಂಜಿಗಿ ಮುಗೀತು ಅಂತ ಕೂಗ್ಯಾರ್ರಿ, ನಮ್ಮವ್ವಗ ಕೇಳಿಲ್ಲ. ಕೂಗು ಕೇಳ್ದೇ ಸಾಲು ಬಿಡಂಗಿಲ್ಲಲ್ರಿ, ಹಂಗೇ ನಿಂತಾಳ. ಇಲ್ಲಿ ಮತ್ತ ಸಾಲು ನಿಂತ್ರ ಬರ್ತಾಳ, ನಾ ಕೂಗಿ ಬಿಡಸ್ಬೇಕು ಅಂತ ಬಂದೀನ್ರಿ. ಮೊದ್ಲಾ ಹೇಳಿದ್ರ ನೀವು ನಿಲ್ತಿದ್ರೇನು?’ ಅಂದ. ಅವನ ಇಡೀ ಜೀವಮಾನದ ಆಸೆ, ತಾಯಿಗೆ ಅಷ್ಟು ಬಿಡುಗಡೆ ಸಿಗ್ಲಿ ಅಂತ.

“ನಾನು ಸೀದಾ ಅಡುಗೆಮನೆಗೆ ನಡೆದೆ. ಹೆದರಿಕೆ ಅಲ್ಲ, ದೇವರಾಣೆ ಹೆದರಿಕೆ ಅಲ್ಲ. ದುಡಿದವಳಿಗೆ ಒಂದು ಲೋಟ ನೀರು ಕೊಟ್ಟವರಿಲ್ಲವಲ್ಲ ಅಂತ. ಒಂದು ತಂಬಿಗೆ ನೀರು, ಒಂದು ಅಚ್ಚು ಬೆಲ್ಲ ತಂದು ನಡುಮೆಟ್ಟಿಲಿನ ಮೇಲೆ ಇಟ್ಟೆ. ‘ತಗೊಳ್ಳಮ್ಮ, ದೊಡ್ಡ ಉಪಕಾರ ಆಯ್ತು’ ಅಂದೆ. ಅಲ್ಲಿಗೆ ಬಾಯಿ ಮುಚ್ಚಿದ್ರೆ ಆಗ್ತಿತ್ತು... ಮುಚ್ಚಿದೆನಾ? ಈ ಹಾಳು ಬಾಯಿಗೆ ಎಪ್ಪತ್ತು ವರ್ಷದ ಅಭ್ಯಾಸ. ಬೆಲ್ಲ ನೀರು ಕೊಟ್ಟ ಮೇಲೆ ಬೀಳ್ಕೊಡುವಾಗ ನಮ್ಮವರು ಎಂತ ಹೇಳುದು? ಅದೇ ಬಂತು. ‘ಒಮ್ಮೆ ಮನೆಗೆ ಬಾ ಮಾರಾಯ್ತಿ, ಡೊಂಬಿವಲಿಯಲ್ಲಿ, ಸ್ಟೇಷನ್ನಿಂದ ಹತ್ತೇ ನಿಮಿಷ!’

“ಮಾಪಣ್ಣನ ಕೈಯಿಂದ ಬಕೇಟು ಬಿತ್ತು. ‘ಯಮ್ಮಾ... ಏನಂದ್ರಿ? ಈಗರೆ ನಮ್ಮವ್ವಗ ಬಿಡಿಸಿದ್ನೆಲ್ರಿ!’ ಅಂದ. ತಂಬಿಗೆ ನೋಡಿದ್ರೆ ಖಾಲಿ.

“ಅಷ್ಟರಲ್ಲಿ ಮಳೆಯ ಮೊದಲ ಹನಿ ಹೆಂಚಿನ ಮೇಲೆ ಟಪ್ ಅಂತ ಬಿತ್ತು. ಒಂದು ಹನಿಯೂ ಒಳಗೆ ಸೋರ್ಲಿಲ್ಲ. ಸತ್ಯಭಾಮಾ ಇವತ್ತಿಗೂ ಅಲ್ಲಿ ಆರಾಮ ಇದ್ದಾಳೆ. ನಾವು ಕಾರು ಹತ್ತಿದೆವು. ಮುರಬಾಡ್ ಹತ್ತಿರ ನಾನು ಮುಂದೆ ಕೂತವಳು ಹಿಂದೆ ಕೈ ಚಾಚಿ ‘ಬನ್ಸಿನ ಡಬ್ಬಿ ಕೊಡಿ’ ಅಂದೆ. ಡಬ್ಬಿ ಬಂತು. ತಿರುಗಿ ನೋಡಿದ್ರೆ ಮಾನಸಿ, ಮಕ್ಕಳು, ಮೂವರಿಗೂ ಗೊರಕೆ.

“ಮರುದಿನ ಮನೆಯಲ್ಲಿ ನಾನೊಬ್ಬಳೇ. ಸ್ನಾನಕ್ಕೆ ಹೋದವಳು ಟವೆಲು ಮರೆತಿದ್ದೆ. ಬಾಗಿಲ ಸಂದಿನಿಂದ ಕೈ ಹೊರಗೆ ಹಾಕಿ ಹುಡುಕಿದೆ... ಟವೆಲು ಬಂತು. ಬಳೆ ಕಿಣಿಕಿಣಿ ಅಂತು.

“ಮಾಪಣ್ಣ ವರ್ಷಕ್ಕೆ ಎರಡು ಸಲ ತುರ್ಭೆಯಿಂದ ಬಂದು ಇದೇ ಹೊಸ್ತಿಲಲ್ಲಿ ಕೂರ್ತಾನೆ. ‘ಮುಗೀತವ್ವಾ, ನಡಿ ಇನ್ನ’ ಅಂತ ಕೂಗ್ತಾನೆ. ಪಾಪ, ಮುದುಕ ಮಗುವಿನ ಹಾಗೆ ಅಳ್ತಾನೆ. ಅವಳು ಹೋಗುದಿಲ್ಲ. ಯಾಕೆ ಹೋಗ್ಬೇಕು? ನೆಂಟಳಾಗಿ ಬಂದವಳು. ‘ಕರದವ್ರು ನೀವು, ನೀವಾ ಹೋಗು ಅನ್ರಿ. ಇಲ್ಲಾಂದ್ರ ಮತ್ತ್ಯಾರರ ಅವ್ರ ಮನಿಗಿ ಕರೀಬೇಕು’ ಅಂತಾನೆ ಮಾಪಣ್ಣ. ಬಂದವರಿಗೆ ಹೋಗು ಅಂತ ಹೇಳ್ಲಿಕ್ಕೆ ನನ್ನಿಂದ ಆಗ್ತದಾ? ಇವತ್ತಿನವರೆಗೆ ಆ ಮಾತು ಈ ಬಾಯಲ್ಲಿ ಬಂದದ್ದಿಲ್ಲ...”

ದೊಡ್ಡಮ್ಮ ನಿಲ್ಲಿಸಿದರು. ಮಲ್ಲಿಕಾ ಆಂಟಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. ನಾನು ನಗಲು ನೋಡಿದೆ, ಆಗಲಿಲ್ಲ. ಅಷ್ಟರಲ್ಲಿ ನನ್ನ ಮೊಬೈಲಿಗೆ ಗೆಳೆಯನ ಸಂದೇಶ ಬಂತು: ನೀರು ಇಳಿದಿದೆ, ಟಿಟ್ವಾಳದ ಲೋಕಲ್ ಎಂಟಕ್ಕೆ ಬಿಡುತ್ತದೆ. ತಪ್ಪಿದರೆ ರಾತ್ರಿಯಿಡೀ ಇಲ್ಲೇ. ನಾನು ದಡಬಡಿಸಿ ಎದ್ದೆ, ಬ್ಯಾಗು ಹೆಗಲಿಗೇರಿಸಿದೆ, ಬಾಗಿಲ ಬಳಿಯ ಕತ್ತಲಲ್ಲಿ ಬಗ್ಗಿ ಚಪ್ಪಲಿಗಾಗಿ ತಡಕಾಡಿದೆ. ಅನುಷ್ಕಾ ಹಿಂದೆಯೇ ಬಂದಿರಬೇಕು, ಛತ್ರಿಯನ್ನು ನನ್ನ ಕೈಗಿತ್ತಳು. ಅವಸರದಲ್ಲಿ ನಾನು ತಲೆಯೆತ್ತಲೂ ಇಲ್ಲ.

“ಬರ್ತೇನೆ,” ಎಂದೆ, “ನಮ್ಮ ಮನೆಗೂ ಒಮ್ಮೆ ಬನ್ನಿ.”

ಹೇಳಿದ ಮೇಲೆ ಗಮನಿಸಿದೆ: ಛತ್ರಿ ಕೊಟ್ಟ ಬೆರಳುಗಳು ಸಿಮೆಂಟು ಮುಟ್ಟಿದ ಕೈಯಂತೆ ಒರಟಾಗಿದ್ದವು. ಹಿಂದೆ ತಿರುಗಿದೆ. ಒಳಗೆ, ಮೇಣದಬತ್ತಿಯ ಬೆಳಕಿನಲ್ಲಿ, ಅನುಷ್ಕಾ ಅಜ್ಜಿಯ ಕಾಲ ಬಳಿ ಕೂತಿದ್ದಳು. ಅಕ್ಷಿತ್, ಮಲ್ಲಿಕಾ ಆಂಟಿ ಇಬ್ಬರೂ ಸೋಫಾದ ಮೇಲಿದ್ದರು. ನಾಲ್ವರೂ ನನ್ನ ಕಡೆಗೇ ನೋಡುತ್ತಿದ್ದರು.

“ಮಗಾ,” ಎಂದರು ದೊಡ್ಡಮ್ಮ, ಮೆಲ್ಲಗೆ, “ನೀನು ಯಾರನ್ನು ಕರ್ದದ್ದು?”

ಪಕ್ಕದಲ್ಲೇ, ನನ್ನ ಮೊಣಕೈ ಹತ್ತಿರ, ಗಾಜಿನ ಬಳೆಗಳು ಒಮ್ಮೆ ಸದ್ದು ಮಾಡಿದವು. ಆಮೇಲೆ ಅದೇ ಸದ್ದು ಬಾಗಿಲಾಚೆ, ಮೆಟ್ಟಿಲಿನ ಕಡೆಯಿಂದ, ನನಗಿಂತ ಮುಂದೆ ಹೊರಟವರದ್ದೆಂಬಂತೆ ಕೇಳಿಸಿತು.

ನಾಲ್ಕು ವರ್ಷಗಳ ಒಟ್ಟಿಗಿನ ವಾಸ, ದೊಡ್ಡಮ್ಮ ಕಣ್ಣೊರೆಸಿಕೊಂಡರು. ಮತ್ತೆ ಎಂದಿನ ಗಟ್ಟಿ ದನಿ ಬಂತು.

“ಅನುಷ್ಕಾ, ಮಾಪಣ್ಣನಿಗೆ ಫೋನು ಮಾಡು. ಇನ್ನು ಇಲ್ಲಿಗೆ ಬರುದು ಬೇಡ, ಟಿಟ್ವಾಳಕ್ಕೆ ಹೋಗ್ಲಿಕ್ಕೆ ಹೇಳು. ಸಮಿತ್, ನೀನು ಸ್ನಾನಕ್ಕೆ ಹೋಗುವಾಗ ಟವೆಲು ಮರೆತ್ರೂ ಹೆದರ್ಬೇಡ ಮಗಾ. ಆದ್ರೆ ಮನೆಗೆ ಮುಟ್ಟಿದ ಕೂಡ್ಲೆ ಅವಳಿಗೆ ಮೊದಲು ಬೆಲ್ಲ ನೀರು ಕೊಡು.”