ಪಿಳ್ಳಪ್ಪ ಮೇಷ್ಟ್ರ ಕಣ್ಣು ಪರೀಕ್ಷೆ

ಕೋಲಾರದ ಕಣ್ಣಾಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಿದ್ದ ಮುನಿರಾಜುವಿನ ಪಕ್ಕದಲ್ಲೇ ಗುರುತಿಲ್ಲದ ಅಕ್ಕ ತಮ್ಮ ಇಬ್ಬರು ಪಿಸುಗುಟ್ಟುತ್ತಿದ್ದರು. ಅವರ ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ ಮೇಷ್ಟ್ರು ಪಿಳ್ಳಪ್ಪ ಪರೀಕ್ಷೆಗೆಂದು ಒಳಗೆ ಹೋಗಿದ್ದರು. ಕೇಳಬಾರದೆಂದುಕೊಂಡರೂ ಮುನಿರಾಜುವಿನ ಕಿವಿ ಅತ್ತಲೇ ಹೋಯಿತು.

“ಮೇಷ್ಟ್ರ ಹಾಡಿನ ನೋಟ್ಸ್ ಪ್ರಿಂಟ್ ತೆಗೆಯೋವಾಗ ಕಂಪ್ಯೂಟರ್ ಏನೂ ಹೇಳ್ಲಿಲ್ವೇನೋ ಕದಿರೇಶ?”

“ಏನೋ ಇಂಗ್ಲಿಷಲ್ಲಿ ಬಂತಕ್ಕ. ಓಕೆ ಒತ್ಬಿಟ್ಟೆ.”

“ಸಂಗೀತದ ಫಾಂಟ್ ಇಲ್ಲ ಅಂತ ಕಣೋ ಅದು! ಅದಕ್ಕೇ ಸ್ವರದ ಗುರುತೆಲ್ಲ ಖಾಲಿ ಡಬ್ಬಿಗಳಾಗಿ ಬಿದ್ದಿವೆ. ಅಂಗಡಿಯೋನ್ನ ಕೇಳೋಕೇನಾಗಿತ್ತು?”

“ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು ಅಂತ ನಗ್ತಾರೆ.”

“ಮದುವೇಲಿ ಮೇಷ್ಟ್ರು ಬರೀ ಡಬ್ಬಿ ಕಾಣ್ತೈತೆ ಅಂದಾಗ್ಲಾದ್ರೂ ಹೇಳ್ಬಾರ್ದಾ?”

“ಮುದುಕನ ಕಣ್ಣು ಹೋಯ್ತು ಅಂತ ಎಲ್ಲಾ ನಕ್ರು. ನಾನೂ ಹಾಳೆ ಜೇಬಿಗೆ ತುರುಕ್ಕೊಂಡು ಹೂಂ ಅಂದ್ಬಿಟ್ಟೆ.”

“ಥೂ! ಅನ್ನ ತಿಂತೀಯೇನೋ ನೀನು?”

“ಮೂರು ದಿನದಿಂದ ಗಂಟಲಲ್ಲಿ ಇಳೀತಿಲ್ಲ ಕಣಕ್ಕ.”

ಬಾಗಿಲು ತೆರೆಯಿತು. ಪರೀಕ್ಷೆಗೆ ಕಣ್ಣಿಗೆ ಹನಿ ಹಾಕಿದ್ದರಿಂದ ಮೇಷ್ಟ್ರು ಗೋಡೆ ಹಿಡಿದು ಹೊರಗೆ ಬಂದರು.

“ಕಣ್ಣು ಚೆನ್ನಾಗೇ ಐತಂತೆ ಕಣೋ. ಅಂದ್ಮೇಲೆ ನಂಗೆ ತಲೇನೇ ಕೆಟ್ಟೈತೆ. ಇನ್ನು ಊದೋದು ಬ್ಯಾಡ.”

ಅಕ್ಕ ತಮ್ಮನ ಬೆನ್ನಿಗೆ ಗುದ್ದಿದಳು.

“ನಿಮ್ ತಲೆ ಸರಿಯಾಗೈತೆ ಮೇಷ್ಟ್ರೇ. ಹೊರಗೆ ಬನ್ನಿ, ಹೇಳ್ತೀನಿ,” ಎಂದ ಕದಿರೇಶ, ಅವರ ಮುಖ ನೋಡಲಾಗದೆ ಕೈಯೊಂದನ್ನೇ ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದ.