ಬೇಕರಿ ಕೆಡವುವ ಹಿಂದಿನ ದಿನ

ಬಸ್ಸಿಗೆ ಕಾಯುತ್ತಾ ನನ್ನ ಪಕ್ಕ ಯಾರೋ ಅಕ್ಕ, ತಮ್ಮ ಕೂತಿದ್ದರು. ಮಂಡಿ ಮೊಹಲ್ಲಾದಲ್ಲಿ ಮುಚ್ಚಿರುವ ತಮ್ಮ ಹಳೇ ಬೇಕರಿಯ ಮಾತು.

“ನಾಳೆ ಕೆಡವೋರು ಬರ್ತಾರೆ ಕಣಕ್ಕ. ನಂಗೂ ಸಾಕಾಗೋಗಿದೆ.”

“ಲೋ ತೋಮಸ್, ಗೋಡೆ ಗಟ್ಟಿಯಾಗಿದೆ, ಕೊಳೆತಿರೋ ತೊಲೆ ಬದಲಾಯಿಸಿದ್ರೆ ಸಾಕು ಅಂತ ಇಂಜಿನಿಯರು ಅಂದ್ರಲ್ಲೋ?”

“ಹಳೇ ಗೋಡೆಗೆ ಸುಣ್ಣದ ಗಾರೆ ಮಾಡೋರನ್ನ ಹುಡುಕಿ ಹುಡುಕಿ ಸುಸ್ತಾಗ್ಬುಟ್ಟಿದೀನಿ.”

“ಪಕ್ಕದೋರು ಕೆಡವಿ ಗಾಜಿನ ಕಟ್ಟಡ ಕಟ್ಟಿದ್ರು. ಒಳಗೆ ಒಂದೇ ಧಗೆ. ಯಾರೂ ಬಾಡಿಗೆಗೆ ಬರ್ಲಿಲ್ಲ.”

“ನಮ್ಮದಕ್ಕೆ ಬರ್ತಾರಾ?”

“ಮುಂಚೆ ಎದುರುಗಡೆ ಇದ್ದ ಟೈಲರ್ ಬಾಡಿಗೆಗೆ ಕೇಳ್ತಾನೇ ಇದಾನೆ. ನೀವು ಬಾಗಿಲು ತೆಗೆದ್ರೆ ನಾನೂ ಬೀದಿಗೆ ವಾಪಸ್ ಬರ್ತೀನಿ ಅಂತಾನೆ.”

“ರಿಪೇರಿ ಮಧ್ಯೆ ಮಳೆ ಶುರುವಾದ್ರೆ?”

“ಟಾರ್ಪಾಲ್ ಕಟ್ಟೋಣ. ನಾನೂ ಜೊತೆಗಿರ್ತೀನಿ ಕಣೋ.”

ಬಸ್ಸು ಬಂತು. ತಮ್ಮ ಎದ್ದು ನಡೆಯುತ್ತಲೇ ಫೋನು ಕಿವಿಗಿಟ್ಟ.

“ನಾಳೆ ಬರ್ಬೇಡಿ ಸಾರ್. ಇಲ್ಲ, ನಾಡಿದ್ದೂ ಬೇಡ.”